ಜಾದುಘರ್‌ನಲ್ಲಿ ಒಂದು ಸಮುದ್ರ, ಬಾರಾನಗರದಲ್ಲಿ ಒಂದು ದವಡೆಯ ಚೂರು

ಈ ವಾರದ ಮಾತು ಸಮುದ್ರದ ಬಗ್ಗೆ. ಸಮುದ್ರ ಅಂದ ಕೂಡಲೇ ದೀಘಾ, ಮಂದಾರ್‌ಮಣಿ ಅಂತ ವೀಕೆಂಡ್ ಪ್ಲ್ಯಾನ್ ಹಾಕಬೇಡಿ. ನಾನು ಹೇಳ್ತಿರೋ ಸಮುದ್ರಕ್ಕೆ ಮೆಟ್ರೋದಲ್ಲೇ ಹೋಗಬಹುದು. ಪಾರ್ಕ್ ಸ್ಟ್ರೀಟ್ ಸ್ಟೇಷನ್‌ನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಇಂಡಿಯನ್ ಮ್ಯೂಸಿಯಂ, ಇಲ್ಲಿನವರ ಬಾಯಲ್ಲಿ ಜಾದುಘರ್. ಅಲ್ಲಿ ಪಳೆಯುಳಿಕೆಗಳ ಗ್ಯಾಲರಿಗಳಿವೆ. ಹೆಚ್ಚಿನವರು ಮಮ್ಮಿ ನೋಡಿ, ದೊಡ್ಡ ಆನೆಯ ಅಸ್ಥಿಪಂಜರದ ಮುಂದೆ ಸೆಲ್ಫಿ ತಗೊಂಡು, ಕಲ್ಲಿನ ಚಿಪ್ಪುಗಳನ್ನ ದಾಟಿ ಹೋಗಿಬಿಡ್ತಾರೆ. ಅವರನ್ನ ತಪ್ಪು ಅನ್ನಲ್ಲ. ಲೇಬಲ್ ಓದೋದೇ ಕಷ್ಟ, ಓದಿದರೂ ಲ್ಯಾಟಿನ್ ಹೆಸರು ಬಿಟ್ರೆ ಬೇರೇನೂ ಗೊತ್ತಾಗಲ್ಲ. ವಿಡಿಯೋದಲ್ಲಿ ಆ ಲೇಬಲ್‌ಗಳ ಹಿಂದಿನ ಕಥೆ ಹೇಳೋಕೆ ಹೊರಟೆ. ಮಾತಿನ ಭರದಲ್ಲಿ ಇಸವಿ, ಹೆಸರು ಎಲ್ಲಾ ಓಡಿಹೋದವು ಅನ್ನೋದಕ್ಕೆ ಇಲ್ಲಿ ಸಾವಕಾಶವಾಗಿ ಬರೀತಿದ್ದೀನಿ.

ಮೊದಲು ಒಂದು ವಿಚಿತ್ರ ಗಮನಿಸಿ. ಕೋಲ್ಕತ್ತಾದಲ್ಲಿ ಕಲ್ಲೇ ಇಲ್ಲ. ಬೆಂಗಳೂರಲ್ಲಿ ಪಾಯ ತೆಗೆದರೆ ಹತ್ತು ಅಡಿಗೆ ಬಂಡೆ ಸಿಕ್ಕಿ ಮನೆ ಕಟ್ಟೋರು ತಲೆ ಮೇಲೆ ಕೈ ಇಟ್ಕೋತಾರೆ. ಇಲ್ಲಿ ನ್ಯೂಟೌನ್‌ನಲ್ಲಿ ಟವರ್ ಕಟ್ಟೋರು ಎಷ್ಟು ಆಳ ಪೈಲ್ ಇಳಿಸಿದ್ರೂ ಸಿಗೋದು ಕೆಸರು, ಮರಳು, ಮತ್ತೆ ಕೆಸರು. ಇದು ಇವತ್ತಿನ ಅನುಭವ ಮಾತ್ರ ಅಲ್ಲ. 1835ರಿಂದ 1840ರವರೆಗೆ ಫೋರ್ಟ್ ವಿಲಿಯಂ ಕೋಟೆಯಲ್ಲಿ ಕುಡಿಯುವ ನೀರಿಗೆ ಅಂತ ಒಂದು ಬೋರ್‌ವೆಲ್ ಕೊರೆದರು. 481 ಅಡಿ ಆಳಕ್ಕೆ ಹೋದರು. ಕೊಳೆತ ಮರದ ಪದರ ಸಿಕ್ಕಿತು, ಆಮೆಯ ಚಿಪ್ಪಿನ ಚೂರು, ಮೂಳೆಯ ಚೂರು ಸಿಕ್ಕಿತು. ಸಮುದ್ರದ ಜೀವಿಯ ಗುರುತು ಮಾತ್ರ ಸಿಗಲಿಲ್ಲ. ಬಂಗಾಳ ಕೊಲ್ಲಿ ಇಷ್ಟು ಹತ್ತಿರ ಇದ್ದೂ, ಈ ಊರಿನ ಕೆಳಗೆ ಅಷ್ಟು ಆಳದವರೆಗೂ ನದಿ ತಂದು ಹಾಕಿದ ಮಣ್ಣೇ. ಅಂದ್ರೆ ಜಾದುಘರ್‌ನಲ್ಲಿ ಇರೋ ಸಮುದ್ರ ಕೋಲ್ಕತ್ತಾದ್ದಲ್ಲ. ಅದು ಹೊರಗಿಂದ ಬಂದದ್ದು, ನಮ್ಮ ಹಾಗೆ. ಅದರಲ್ಲಿ ದೊಡ್ಡ ಪಾಲು ನಮ್ಮ ಪಕ್ಕದ ಮನೆಯಿಂದ, ತಮಿಳುನಾಡಿನ ತಿರುಚ್ಚಿ, ಪೆರಂಬಲೂರು, ಅರಿಯಲೂರು ಕಡೆಯಿಂದ ಬಂದಿದೆ.

ಹೇಗೆ ಬಂತು? 1851ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಥಾಮಸ್ ಓಲ್ಡ್‌ಹ್ಯಾಮ್ ಅನ್ನುವ ಐರಿಷ್ ಭೂವಿಜ್ಞಾನಿಯನ್ನ ಕಲ್ಕತ್ತಾಗೆ ಕರೆಸಿಕೊಂಡಿತು. ಕೆಲಸ: ಕಲ್ಲಿದ್ದಲು ಹುಡುಕೋದು. ಅದೇ ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದ ಶುರುವಾತು. ಕಲ್ಲಿದ್ದಲು ಹುಡುಕೋಕೆ ಬಂಡೆಗಳ ವಯಸ್ಸು ಗೊತ್ತಿರಬೇಕು, ವಯಸ್ಸು ಹೇಳೋದು ಪಳೆಯುಳಿಕೆ, ಹಾಗಾಗಿ ದೇಶದ ಮೂಲೆಮೂಲೆಯಿಂದ ಚಿಪ್ಪು, ಮೂಳೆ, ಎಲೆ ಎಲ್ಲಾ ಪೆಟ್ಟಿಗೆಗಳಲ್ಲಿ ಇಲ್ಲಿಗೆ ಹರಿದುಬರತೊಡಗಿದವು. ಲಾಭದ ಲೆಕ್ಕದಲ್ಲಿ ಶುರುವಾದ ಕೆಲಸಕ್ಕೆ ಯಾರೋ ಇಬ್ಬರು ಜೀವ ಕೊಟ್ಟು ಬೇರೆ ಅರ್ಥ ತರ್ತಾರಲ್ಲ, ಇಲ್ಲೂ ಹಾಗೇ ಆಯ್ತು.

ಒಬ್ಬ ಹೆನ್ರಿ ಬ್ಲಾನ್‌ಫರ್ಡ್. 1850ರ ದಶಕದ ಕೊನೆಯಲ್ಲಿ ತಿರುಚ್ಚಿ ಸೀಮೆಯ ಬಂಡೆಗಳನ್ನ ನಕ್ಷೆ ಮಾಡಿ, ಕೆಳಗಿಂದ ಮೇಲಕ್ಕೆ ಉಟ್ಟತ್ತೂರು, ತಿರುಚಿನಾಪಳ್ಳಿ, ಅರಿಯಲೂರು ಅಂತ ಮೂರು ಗುಂಪು ಮಾಡಿದವನು. ಇವತ್ತಿಗೂ ಆ ಹೆಸರುಗಳು ಚಾಲ್ತಿಯಲ್ಲಿವೆ. ಆರೋಗ್ಯ ಕೆಟ್ಟು ಸರ್ವೆ ಬಿಟ್ಟ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡಿದ, ಆಮೇಲೆ 1875ರಲ್ಲಿ ಭಾರತದ ಹವಾಮಾನ ಇಲಾಖೆ ಶುರುವಾದಾಗ ಅದರ ಮೊದಲ ಮುಖ್ಯಸ್ಥನಾದ. ನಮ್ಮ ಫೀಲ್ಡ್‌ನಲ್ಲಿ ಡೊಮೇನ್ ಬದಲಾಯಿಸೋಕೆ ಹೆದರುವವರು ಈ ಮನುಷ್ಯನ ರೆಸ್ಯೂಮೆ ನೋಡಬೇಕು.

ಇನ್ನೊಬ್ಬ ಫರ್ಡಿನಾಂಡ್ ಸ್ಟೊಲಿಚ್ಕಾ. ಮೊರಾವಿಯಾದವನು, ಅಂದರೆ ಇವತ್ತಿನ ಚೆಕ್ ದೇಶ. 1862ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ, ಕಲ್ಕತ್ತಾಗೆ ಕೆಲಸಕ್ಕೆ ಬಂದ. ಬ್ಲಾನ್‌ಫರ್ಡ್ ತಂದ ಚಿಪ್ಪುಗಳ ರಾಶಿ ಇವನ ಮೇಜಿಗೆ ಬಂತು. ಒಂದೊಂದನ್ನೂ ಅಳೆದು, ಚಿತ್ರ ಬರೆಸಿ, ಹೆಸರಿಟ್ಟು, 1873ರ ಹೊತ್ತಿಗೆ ದಕ್ಷಿಣ ಭಾರತದ ಕ್ರಿಟೇಷಿಯಸ್ ಯುಗದ ಜೀವಿಗಳ ಮೇಲಿನ ನಾಲ್ಕು ಸಂಪುಟಗಳನ್ನ ಮುಗಿಸಿದ. ಮೊದಲ ಸಂಪುಟದ ಒಂದು ಭಾಗ ಬ್ಲಾನ್‌ಫರ್ಡ್‌ದು, ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಇವನದೇ. ಮುಂದಿನ ವರ್ಷ, 1874ರಲ್ಲಿ, ಯಾರ್ಕಂದ್‌ಗೆ ಹೋಗಿ ಹಿಂದಿರುಗುವಾಗ ಲಡಾಖ್‌ನ ಎತ್ತರದಲ್ಲಿ ಉಸಿರು ಸಾಲದೆ ತೀರಿಕೊಂಡ. ವಯಸ್ಸು 36. ಸಮಾಧಿ ಲೇಹ್‌ನಲ್ಲಿದೆ. ಬೈಕ್ ರೈಡ್‌ಗೆ ಅಂತ ಲೇಹ್‌ಗೆ ಹೋಗುವವರು ಒಮ್ಮೆ ನೋಡಿಬನ್ನಿ.

ಸರಿ, ಆ ಸಮುದ್ರ ಹೇಗಿತ್ತು?

ಸುಮಾರು 13 ಕೋಟಿ ವರ್ಷದ ಹಿಂದೆ ಭಾರತದ ಪೂರ್ವ ಅಂಚು ಅಂಟಾರ್ಕ್ಟಿಕಾದಿಂದ ಬಿಡಿಸಿಕೊಳ್ಳತೊಡಗಿತು. ಬಿರುಕಿನೊಳಗೆ ಸಮುದ್ರ ನುಗ್ಗಿತು. ಆಮೇಲೆ ಭೂಮಿಯೆಲ್ಲಾ ಬೆಚ್ಚಗಿದ್ದ ಕಾಲ ಬಂತು. ಧ್ರುವಗಳಲ್ಲಿ ಇವತ್ತಿನಂತೆ ದೊಡ್ಡ ಹಿಮದ ಹೊದಿಕೆ ಇರಲಿಲ್ಲ, ಸಮುದ್ರದ ಮಟ್ಟ ಇವತ್ತಿಗಿಂತ ನೂರು, ಇನ್ನೂರು ಮೀಟರ್ ಮೇಲಿತ್ತು ಅಂತ ಅಂದಾಜು. ಹಾಗಾಗಿ ಇವತ್ತಿನ ಕರಾವಳಿಯಿಂದ ನೂರು ಕಿಲೋಮೀಟರ್ ಒಳಗಿರುವ ಪೆರಂಬಲೂರು ಆಗ ದಡ. ಅದರಾಚೆ ಪಶ್ಚಿಮಕ್ಕೆ ನಮ್ಮ ಕಡೆಯ ಹಳೇ ನೆಲ, ನದಿಗಳು ಹರಿದುಬರುವ ಎತ್ತರ.

ಇಷ್ಟು ಖಚಿತವಾಗಿ ದಡ ಅಂತ ಹೇಗೆ ಹೇಳ್ತಾರೆ? ಪದರ ಪದರವಾಗಿ ಓದಿ. ತಳದಲ್ಲಿ ಗ್ರಾನೈಟಿನಂಥ ಬಲು ಹಳೇ ಬಂಡೆ. ನಮ್ಮ ಲಾಲ್‌ಬಾಗ್ ಗುಡ್ಡದ, ಸುಮಾರು 300 ಕೋಟಿ ವರ್ಷದ ಕಲ್ಲಿಗೆ ಬಂಧು ಅನ್ನಬಹುದು. ಅದರ ಮೇಲೆ ಎಲೆಗಳ ಅಚ್ಚಿರುವ ಜೇಡಿ, ಅಂದರೆ ನೆಲ ಹತ್ತಿರ ಇತ್ತು. ಅದರ ಮೇಲೆ ಡಾಲ್ಮಿಯಾಪುರಂ ಸುತ್ತ ಹವಳ ಮತ್ತು ಪಾಚಿಗಳಿಂದ ಕಟ್ಟಿದ ಸುಣ್ಣಕಲ್ಲು. ಹವಳ ಬೆಳೆಯೋಕೆ ನೀರು ತಿಳಿಯಾಗಿ, ಬೆಳಕು ತಳ ಮುಟ್ಟುವಷ್ಟು ಆಳದಲ್ಲಿ ಇರಬೇಕು. ಅದರ ಮೇಲೆ ಕಾರೈ ಊರಿನ ದಪ್ಪ ಜೇಡಿಮಣ್ಣು, ಸಮುದ್ರ ಆಳವಾದ ಕಾಲದ್ದು. ಅಲ್ಲಿ ಅಮೊನೈಟ್‌ಗಳು, ಬಂದೂಕಿನ ಗುಂಡಿನ ಹಾಗಿರುವ ಬೆಲೆಮ್‌ನೈಟ್‌ಗಳು. ಇನ್ನೂ ಮೇಲೆ ಬಂದರೆ ಮತ್ತೆ ಮರಳು, ದಪ್ಪ ಸಿಂಪಿಗಳು, ಆಳ ಕಡಿಮೆಯಾಯ್ತು. ಕಲ್ಲಂಕುರಿಚ್ಚಿಯಲ್ಲಿ ಅಂಗೈಯಗಲದ ಸಿಂಪಿಗಳೇ ಒತ್ತಾಗಿ ಕೂತು ಬಂಡೆಯಾಗಿವೆ. ಅದನ್ನೇ ಅಗೆದು ಸಿಮೆಂಟ್ ಮಾಡ್ತಾರೆ. ಅರಿಯಲೂರು ಸಿಮೆಂಟಿನ ಊರಾಗಿದ್ದೇ ಈ ಸಮುದ್ರದಿಂದ. ಕೊನೆಗೆ ಕಲ್ಲಮೇಡು ಅನ್ನುವ ಕಡೆ ಸಮುದ್ರ ಹಿಂದೆ ಸರಿದು ನದಿ ಬಂದಿದೆ, ಅಲ್ಲಿ ಸಿಗೋದು ಡೈನೋಸಾರ್ ಮೂಳೆ.

ಸಾತ್ತನೂರಿನಲ್ಲಿ ಒಂದು ಮರದ ಬೊಡ್ಡೆ ಬಿದ್ದಿದೆ, ಕಲ್ಲಾಗಿ. ಉದ್ದ 18 ಮೀಟರ್. 1940ರಲ್ಲಿ ಎಂ.ಎಸ್. ಕೃಷ್ಣನ್ ಅದನ್ನ ವಿಜ್ಞಾನದ ಗಮನಕ್ಕೆ ತಂದರು. ವಿಶೇಷ ಏನಂದ್ರೆ ಆ ಮರ ಮಲಗಿರೋದು ಸಮುದ್ರದ ಪದರದಲ್ಲಿ. ಎಲ್ಲೋ ದಡದ ಕಾಡಿನಲ್ಲಿ ಬಿದ್ದ ಮರ ಹೊಳೆಯಲ್ಲಿ ತೇಲಿ ಕಡಲು ಸೇರಿ, ನೀರು ಕುಡಿದು ಮುಳುಗಿ, ಮರಳಲ್ಲಿ ಹೂತುಹೋಗಿದೆ. ಮುಂಗಾರಿನಲ್ಲಿ ಶರಾವತಿ, ನೇತ್ರಾವತಿ ಅಳಿವೆಗಳಲ್ಲಿ ಮರಗಳು ತೇಲಿಬರೋದು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅಮೊನೈಟ್ ಅಂದೆ. ಹೆಸರು ಹೊಸದಾದರೂ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅದು ತಲೆಮಾರುಗಳಿಂದ ಇದೆ, ದೇವರ ಪೆಟ್ಟಿಗೆಯಲ್ಲಿ. ನೇಪಾಳದ ಕಾಳಿಗಂಡಕಿಯಿಂದ ಬರುವ ಚಕ್ರವಿರುವ ಸಾಲಿಗ್ರಾಮ ಅಂದ್ರೆ ಅಮೊನೈಟ್. ಅದು ಇವತ್ತಿನ ಕಥೆಯ ಸಮುದ್ರದ್ದಲ್ಲ. ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಟೆಥಿಸ್ ಅನ್ನುವ ಸಾಗರದ್ದು, ಸುಮಾರು 15 ಕೋಟಿ ವರ್ಷ ಹಳೇದು. ಆದರೆ ಬಳಗ ಒಂದೇ. ಸ್ಕ್ವಿಡ್, ಆಕ್ಟೋಪಸ್‌ಗಳ ದೂರದ ನೆಂಟ. ಸುರುಳಿ ಚಿಪ್ಪಿನೊಳಗೆ ಕೋಣೆ ಕೋಣೆ ಮಾಡಿಕೊಂಡು, ಅವುಗಳಲ್ಲಿ ಗಾಳಿ ತುಂಬಿ ತೇಲುತ್ತಿದ್ದ ಪ್ರಾಣಿ. ಸಾಲಿಗ್ರಾಮದ ಒಳಗೆ ಕಾಣುವ ಚಕ್ರದ ಗೆರೆಗಳು ಆ ಚಿಪ್ಪಿನ ಸುರುಳಿ ಮತ್ತು ಏಣುಗಳು. ಪೂಜೆಯ ಕಲ್ಲಿಗೂ ಮ್ಯೂಸಿಯಂ ಕಲ್ಲಿಗೂ ಜಗಳ ಹಚ್ಚೋ ಉದ್ದೇಶ ನನಗಿಲ್ಲ. ಆ ಗೆರೆಗಳನ್ನ ಅಷ್ಟು ಹತ್ತಿರದಿಂದ, ಅಷ್ಟು ದಿನ ನೋಡಿದವರು ನಮ್ಮ ಅಜ್ಜಂದಿರು ಅನ್ನೋದೇ ನನಗೆ ಖುಷಿ.

ಅಮೊನೈಟ್‌ಗಳು ಬೇಗ ಬೇಗ ರೂಪ ಬದಲಾಯಿಸಿದ ಜೀವಿಗಳು, ಹಾಗಾಗಿ ಅವು ಕ್ಯಾಲೆಂಡರ್ ಇದ್ದ ಹಾಗೆ. ಇಂಥ ಅಮೊನೈಟ್ ಸಿಕ್ಕಿದ್ರೆ ಬಂಡೆ ಇಂಥ ಕಾಲದ್ದು. ಅದರ ಜೊತೆ ಇನ್ನೊಂದು ಮಾತೂ ಹೇಳ್ತವೆ. ತಿರುಚ್ಚಿ ಕಡೆಯ ಚಿಪ್ಪುಗಳು ಆಫ್ರಿಕಾದ ನಟಾಲ್ ಕರಾವಳಿಯ ಚಿಪ್ಪುಗಳನ್ನ ಹೋಲ್ತವೆ ಅನ್ನೋದು ಆ ಕಾಲಕ್ಕೇ ಕಣ್ಣಿಗೆ ಬಿದ್ದಿತ್ತು. ಬ್ಲಾನ್‌ಫರ್ಡ್ 1875ರಲ್ಲಿ ಭಾರತ ಮತ್ತು ಆಫ್ರಿಕಾ ನಡುವೆ ಒಂದು ಕಾಲದಲ್ಲಿ ನೆಲದ ಸಂಬಂಧ ಇತ್ತು ಅಂತ ಬರೆದ. ಖಂಡಗಳೇ ಸರಿದಾಡುತ್ತವೆ ಅನ್ನುವ ಕಲ್ಪನೆ ಇಲ್ಲದ ಕಾಲ. ಆದ್ದರಿಂದ ಸಾಗರದಲ್ಲಿ ಮುಳುಗಿಹೋದ ಖಂಡ ಒಂದನ್ನ ಊಹಿಸಿದ. ವಿವರಣೆ ನಿಲ್ಲಲಿಲ್ಲ, ಗಮನಿಸಿದ ಹೋಲಿಕೆ ನಿಂತಿತು.

ನಮ್ಮ ಕರ್ನಾಟಕ ಆಗ ಏನಾಗ್ತಿತ್ತು? ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳ ಮೇಲೆ ಕೂತು ಫೋಟೋ ತೆಗೆಸಿಕೊಂಡಿದ್ದೀರಲ್ಲ, ಆ ಕಲ್ಲು ಕುದಿದು ಹೊರಬಂದು ಆರಿದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದ ಪಶ್ಚಿಮ ಅಂಚಿನಿಂದ ಕಳಚಿಕೊಳ್ಳುವಾಗ. ಅಂದರೆ ಪೂರ್ವದ ದಡದಲ್ಲಿ ಸಿಂಪಿಗಳು ಬದುಕಿ ಸಾಯ್ತಿದ್ದ ಕಾಲದಲ್ಲೇ ಪಶ್ಚಿಮದಲ್ಲಿ ಹೊಸ ಸಮುದ್ರಕ್ಕೆ ಬಾಗಿಲು ತೆರೀತಿತ್ತು. ಮಧ್ಯೆ ಇದ್ದ ನಮ್ಮ ನೆಲ ಮಾತ್ರ ಬಹುಪಾಲು ಒಣಗಿಯೇ ಇತ್ತು. ಒಣನೆಲ ಸವೆಯುತ್ತೆ, ಕೂಡಿಡಲ್ಲ. ಅದಕ್ಕೇ ನಮ್ಮ ಕಡೆ ಈ ಕಾಲದ ಪಳೆಯುಳಿಕೆ ಅಪರೂಪ. ಜೀವಿಗಳು ಇರಲಿಲ್ಲ ಅಂತಲ್ಲ. ಅವು ಸತ್ತಾಗ ಮುಚ್ಚೋಕೆ ಕೆಸರು ಇರಲಿಲ್ಲ.

ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಗೆ ಬೇಕು.

ಜಾದುಘರ್‌ಗೆ ನಾನು ಹೋದಾಗ ಜೊತೆಗೆ ಪಕ್ಕದ ಫ್ಲಾಟಿನ ದಾವಣಗೆರೆಯವರ ಮಗಳು ಬಂದಿದ್ದಳು, ಆರನೇ ಕ್ಲಾಸು. ಚಿಪ್ಪು, ಶಾರ್ಕ್ ಹಲ್ಲು ಎಲ್ಲಾ ವಿವರಿಸಿ ಮುಗಿಸಿದ ಮೇಲೆ ಕೇಳಿದಳು: “ಅಂಕಲ್, ಸಮುದ್ರ ಅಂದ್ರೆ ಮೇಲೆ ಹಾರೋದು ಇರಬೇಕಲ್ವಾ? ಟೆರೊಸಾರ್ ಎಲ್ಲಿ?” ಒಳ್ಳೆ ಪ್ರಶ್ನೆ. ಸಿನಿಮಾದಲ್ಲಿ, ಪುಸ್ತಕದಲ್ಲಿ ಆ ಕಾಲದ ಕಡಲ ತೀರದ ಚಿತ್ರ ಅಂದ್ರೆ ಅಲೆಯ ಮೇಲೆ ಚರ್ಮದ ರೆಕ್ಕೆ ಬಿಚ್ಚಿ ಹಾರುವ ಸರೀಸೃಪ ಇದ್ದೇ ಇರುತ್ತೆ. ಕೆಳಗೆ ನೀರಲ್ಲಿ ಇಕ್ತಿಯೊಸಾರ್, ಡಾಲ್ಫಿನ್ ಆಕಾರದ ಈಜುವ ಸರೀಸೃಪ.

ಕೆಳಗಿನದಕ್ಕೆ ಉತ್ತರ ಇದೆ. ಕಲ್ಕತ್ತಾದ ಸರ್ವೆಯಲ್ಲೇ ಕೆಲಸ ಮಾಡ್ತಿದ್ದ ರಿಚರ್ಡ್ ಲಿಡೆಕರ್ 1879ರಲ್ಲಿ ಉಟ್ಟತ್ತೂರು ಗುಂಪಿನ ಬಂಡೆಯಿಂದ ಬಂದ ಬೆನ್ನುಮೂಳೆಯ ಬಿಲ್ಲೆಗಳನ್ನ ನೋಡಿ ಇಕ್ತಿಯೊಸಾರಸ್ ಇಂಡಿಕಸ್ ಅಂತ ಹೆಸರಿಟ್ಟ. ಬೆನ್ನುಮೂಳೆ ಅಷ್ಟರಿಂದ ಪ್ರಭೇದ ಹೇಳೋದು ಕಷ್ಟ ಅಂತ ಆಮೇಲಿನವರು ಗೊಣಗಿದ್ದು ನಿಜ. ಆದರೆ ಪ್ರಾಣಿ ಅಲ್ಲಿತ್ತು ಅನ್ನೋದರಲ್ಲಿ ಅನುಮಾನ ಉಳಿದಿಲ್ಲ. ಸುಮಾರು 130 ವರ್ಷದ ಬಳಿಕ, 2011ರಲ್ಲಿ, ಕಾರೈ ಪದರಗಳಿಂದ ಇಕ್ತಿಯೊಸಾರ್‌ನ ಹಲ್ಲುಗಳೂ ಶಾರ್ಕ್ ಹಲ್ಲುಗಳೂ ಪ್ರಕಟವಾದವು. 2017ರಲ್ಲಿ ಕಚ್ಛ್‌ನಿಂದ, ಇದಕ್ಕಿಂತ ಹಳೇ ಜುರಾಸಿಕ್ ಸಮುದ್ರದಿಂದ, ಐದೂವರೆ ಮೀಟರ್‌ನ, ಹೆಚ್ಚುಕಡಿಮೆ ಪೂರ್ತಿ ಇಕ್ತಿಯೊಸಾರ್ ಅಸ್ಥಿಪಂಜರವೇ ಬಂತು.

ಹಾರುವುದಕ್ಕೆ ಉತ್ತರ ಜಾದುಘರ್‌ನಲ್ಲಿ ಸಿಗಲ್ಲ. ಅದಕ್ಕೆ ಉತ್ತರಕ್ಕೆ, ಬಿ.ಟಿ. ರೋಡ್‌ನ ಬಾರಾನಗರಕ್ಕೆ ಹೋಗಬೇಕು, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ. ಡೇಟಾ ಸೈನ್ಸ್‌ನವರಿಗೆ ಆ ಹೆಸರು ದೇವಸ್ಥಾನ ಇದ್ದ ಹಾಗೆ. ಅಲ್ಲಿ ಡೈನೋಸಾರ್ ಇದೆ ಅಂದ್ರೆ ಎಷ್ಟೋ ಜನ ನಂಬಲ್ಲ. ಕಟ್ಟಿದವರು ಪ್ರಶಾಂತ ಚಂದ್ರ ಮಹಾಲನೋಬಿಸ್. ಅಳೆಯುವ ವಿಜ್ಞಾನ ಎಲ್ಲಿದ್ದರೂ ಸಂಖ್ಯಾಶಾಸ್ತ್ರಕ್ಕೆ ಕೆಲಸ ಇದೆ ಅನ್ನೋದು ಅವರ ನಂಬಿಕೆ. 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಪಮೇಲಾ ರಾಬಿನ್ಸನ್ ಅವರನ್ನ ಕರೆಸಿ, ಇಲ್ಲಿ ಭೂವಿಜ್ಞಾನದ ಒಂದು ಘಟಕವನ್ನೇ ಕಟ್ಟಿಸಿದರು. ಆ ತಂಡ ಹೋದದ್ದು ಪ್ರಾಣಹಿತ ಮತ್ತು ಗೋದಾವರಿ ಕೂಡುವ ಕಡೆಗೆ, ಇವತ್ತಿನ ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ. ಅಲ್ಲಿ ಕೋಟಾ ಅನ್ನುವ ಊರಿನ ಹೆಸರಿನ ಜುರಾಸಿಕ್ ಬಂಡೆಗಳಿವೆ, ಹತ್ತಿರ ಹತ್ತಿರ 18 ಕೋಟಿ ವರ್ಷದವು. ತಿರುಚ್ಚಿಯ ಸಮುದ್ರಕ್ಕಿಂತ ಬಹಳ ಹಳೇವು. ಅಲ್ಲಿಂದ ಬಂದದ್ದೇ ಬಾರಾಪಾಸಾರಸ್ ಟಾಗೋರೈ. ಬಂಗಾಳಿಯಲ್ಲಿ ದೊಡ್ಡ ಕಾಲಿನದು ಅಂತ ಅರ್ಥ, ಜೊತೆಗೆ ಟಾಗೋರರ ಹೆಸರು. ಒಂದು ತೊಡೆಮೂಳೆಯೇ ಆಳೆತ್ತರ. ಸುಮಾರು 300 ಮೂಳೆಗಳು, ಕಡಿಮೆ ಅಂದ್ರೆ ಆರು ಪ್ರಾಣಿಗಳದ್ದು. ಅವನ್ನ ಜೋಡಿಸಿ ನಿಲ್ಲಿಸಿದ ಅಸ್ಥಿಪಂಜರ ಅಲ್ಲಿನ ಮ್ಯೂಸಿಯಂನಲ್ಲಿದೆ.

ಆ ದೊಡ್ಡ ಕಾಲಿನ ಮುಂದೆ ನಿಂತವರು ಯಾರೂ ಕೇಳದ ವಸ್ತು ಇನ್ನೊಂದಿದೆ. ಅದೇ ಕೋಟಾ ಬಂಡೆಯಿಂದ ಬಂದ ಒಂದು ದವಡೆಯ ಚೂರು. ಅದೇ ಸಂಸ್ಥೆಯ ಸೋಹನ್ ಲಾಲ್ ಜೈನ್ 1974ರಲ್ಲಿ ಅದನ್ನ ವರ್ಣಿಸಿ, ಇದು ಹಾರುವ ಸರೀಸೃಪದ್ದು ಅಂದರು. ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನಲ್ಲಿ ಸಿಗುವ ಕ್ಯಾಂಪೈಲೊಗ್ನಾಥೊಯ್ಡಿಸ್ ಅನ್ನುವ ಕುಲಕ್ಕೆ ಸೇರಿಸಿ, ಇಂಡಿಕಸ್ ಅಂತ ಹೆಸರು ಕೊಟ್ಟರು. ಭಾರತದ ಟೆರೊಸಾರ್ ಅಂತ ಪಟ್ಟಿಗಳಲ್ಲಿ ಓಡಾಡುವ ಹೆಸರು ಮುಖ್ಯವಾಗಿ ಇದೇ. ಆ ಚೂರು ನಿಜಕ್ಕೂ ಆ ಕುಲದ್ದೇ ಅನ್ನೋದಕ್ಕೆ ಆಧಾರ ಸಾಲದು ಅಂತ ಆಮೇಲಿನ ಟೆರೊಸಾರ್ ತಜ್ಞರು ಅನುಮಾನಪಟ್ಟಿದ್ದಾರೆ. ನನಗೆ ಅವರ ಅನುಮಾನ ನ್ಯಾಯ ಅನ್ಸುತ್ತೆ. ಜರ್ಮನಿಯಲ್ಲಿ ಇಡೀ ಅಸ್ಥಿಪಂಜರ ಹಲಗೆಯ ಮೇಲೆ ಒತ್ತಿಟ್ಟ ಹಾಗೆ ಸಿಗುತ್ತೆ. ಇಲ್ಲಿ ಒಂದು ಚೂರು. ಒಂದು ಇಟ್ಟಿಗೆ ನೋಡಿ ಮನೆ ಯಾವ ಬಿಲ್ಡರ್‌ದು ಅಂತ ಹೇಳಿದ ಹಾಗಾಗುತ್ತೆ.

ಅದು ಸಮುದ್ರದ ಬಂಡೆಯೂ ಅಲ್ಲ. ಕೋಟಾ ಅಂದ್ರೆ ಬಹುಮಟ್ಟಿಗೆ ನದಿ ಮತ್ತು ಸಿಹಿನೀರಿನ ಸರೋವರ. ಸಮುದ್ರದ ನೀರು ಆಗಾಗ ಬಂದುಹೋಗಿರಬಹುದು ಅನ್ನುವ ವಾದ ಇದೆ, ತೀರ್ಮಾನ ಆಗಿಲ್ಲ. ಅಲ್ಲಿನ ಸುಣ್ಣಕಲ್ಲಿನಲ್ಲಿ ಹೊಳೆಯುವ ಹುರುಪೆಯ ಮೀನುಗಳು ಸಿಗ್ತವೆ, ಅವುಗಳಲ್ಲಿ ಒಂದರ ಹೆಸರು ಲೆಪಿಡೋಟಿಸ್ ಡೆಕ್ಕನೆನ್ಸಿಸ್, ದಖ್ಖನಿನ ಮೀನು. ಸೀಲಕಾಂತ್ ಬಳಗದ ಮೀನನ್ನೂ ಜೈನ್ ಅವರೇ 1974ರಲ್ಲಿ ವರ್ಣಿಸಿದರು. ಆ ಬಳಗ ಎಂದೋ ನಿರ್ನಾಮವಾಯ್ತು ಅಂತ ಜಗತ್ತು ನಂಬಿದ್ದಾಗ 1938ರಲ್ಲಿ ದಕ್ಷಿಣ ಆಫ್ರಿಕಾದ ಮೀನುಗಾರರ ಬಲೆಗೆ ಜೀವಂತ ಸಿಕ್ಕಿತ್ತಲ್ಲ, ಅದೇ.

ಹಾಗಾದ್ರೆ ತಿರುಚ್ಚಿಯ ಕಡಲ ಮೇಲೆ ಹಾರಾಟ ಇರಲಿಲ್ಲವೇ? ಇಲ್ಲಿ ಟೆರೊಸಾರ್‌ನ ಮೈ ಹೇಗಿತ್ತು ಅಂತ ನೋಡಬೇಕು. ಅದು ಡೈನೋಸಾರ್ ಅಲ್ಲ, ಹಕ್ಕಿಯ ಪೂರ್ವಜನೂ ಅಲ್ಲ, ಡೈನೋಸಾರ್‌ಗಳ ದಾಯಾದಿ. ಕೈಯ ನಾಲ್ಕನೇ ಬೆರಳು ಒಂದೇ ಮೈಯಷ್ಟು ಉದ್ದ ಬೆಳೆದು, ಅದರಿಂದ ಮೈಗೆ ಹಿಡಿದ ಚರ್ಮವೇ ರೆಕ್ಕೆ. ಭಾರ ಕಡಿಮೆ ಇರಲಿ ಅಂತ ಮೂಳೆ ಟೊಳ್ಳು. ಚಿಕ್ಕಂದಿನಲ್ಲಿ ಪಪ್ಪಾಯಿ ಎಲೆಯ ದಂಟು ಮುರಿದು ಸೋಪಿನ ಗುಳ್ಳೆ ಊದಿದ್ದು ನೆನಪಿದ್ಯಾ? ಅಂಥ ಕೊಳವೆ. ಗೋಡೆಯ ದಪ್ಪ ಎಷ್ಟೋ ಕಡೆ ಒಂದು ಮಿಲಿಮೀಟರ್ ಅಷ್ಟೇ. ಹಾರೋಕೆ ಇದಕ್ಕಿಂತ ಒಳ್ಳೆ ವಿನ್ಯಾಸ ಇಲ್ಲ, ಉಳಿಯೋಕೆ ಇದಕ್ಕಿಂತ ಕೆಟ್ಟದ್ದೂ ಇಲ್ಲ.

ಅಂಥ ಪ್ರಾಣಿ ಸತ್ತು ಅಲೆ ಬಡಿಯುವ ನೀರಿಗೆ ಬಿತ್ತು ಅನ್ನಿ. ಮೀನು ಕಿತ್ತು ತಿನ್ನುತ್ತೆ, ಏಡಿ ಚೂರು ಮಾಡುತ್ತೆ, ಅಲೆ ಮರಳಿನ ಮೇಲೆ ಉಜ್ಜುತ್ತೆ. ಸಿಂಪಿಯ ದಪ್ಪ ಚಿಪ್ಪಿಗೆ ಇದೆಲ್ಲಾ ಲೆಕ್ಕಕ್ಕಿಲ್ಲ. ಚಿಪ್ಪುಗಳಲ್ಲೂ ಪಕ್ಷಪಾತ ಇದೆ: ಸಿಂಪಿ, ಬೆಲೆಮ್‌ನೈಟ್‌ಗಳ ಸುಣ್ಣ ಗಟ್ಟಿ ಬಗೆಯದು, ಹಾಗೇ ಉಳಿಯುತ್ತೆ. ಅಮೊನೈಟ್‌ನ ಸುಣ್ಣ ಬೇರೆ ಬಗೆ, ಸುಲಭವಾಗಿ ಕರಗುತ್ತೆ, ಎಷ್ಟೋ ಸಲ ಒಳಗೆ ತುಂಬಿದ ಮಣ್ಣಿನ ಅಚ್ಚು ಮಾತ್ರ ಕೈಗೆ ಬರುತ್ತೆ. ಟೆರೊಸಾರ್ ಪೂರ್ತಿ ಉಳಿಯಬೇಕಾದರೆ ಅದು ನಿಶ್ಚಲವಾದ ನೀರಿಗೆ ಬೀಳಬೇಕು, ತಳದಲ್ಲಿ ಆಮ್ಲಜನಕ ಇರಬಾರದು, ಕಿತ್ತು ತಿನ್ನುವವರು ಅಲ್ಲಿ ಬದುಕಬಾರದು, ನುಣ್ಣನೆಯ ಕೆಸರು ಮೆಲ್ಲಗೆ ಮುಚ್ಚಬೇಕು. ಹೋಲ್ಟ್ಸ್‌ಮಾಡೆನ್ ಅಂಥ ಜಾಗ. ಅದೇ ಜರ್ಮನಿಯ ಸೋಲ್ನ್‌ಹೋಫೆನ್ ಕೂಡ.

ಮೊಟ್ಟಮೊದಲು ವರ್ಣಿತವಾದ ಟೆರೊಸಾರ್ ಸೋಲ್ನ್‌ಹೋಫೆನ್ ಕಡೆಯ ಸುಣ್ಣಕಲ್ಲಿನದೇ. 1784ರಲ್ಲಿ ಕೊಲ್ಲಿನಿ ಅನ್ನುವವರು ಅದನ್ನ ವರ್ಣಿಸಿದಾಗ, ಇದು ಸಮುದ್ರದ ಪ್ರಾಣಿ ಇರಬೇಕು ಅಂದರು. ಯಾಕಂದ್ರೆ ಸಿಕ್ಕಿದ್ದು ಸಮುದ್ರದ ಕಲ್ಲಿನಲ್ಲಿ. 1801ರಲ್ಲಿ ಪ್ಯಾರಿಸ್ಸಿನ ಕ್ಯೂವಿಯೇ ಆ ಉದ್ದ ಬೆರಳನ್ನ ನೋಡಿ, ಇದು ಹಾರುವ ಸರೀಸೃಪ ಅಂದ. ಪ್ರಾಣಿ ಎಲ್ಲಿ ಹೂತಿದೆಯೋ ಅಲ್ಲೇ ಬದುಕಿತ್ತು ಅಂತ ತಿಳಿದರೆ ಹೀಗಾಗುತ್ತೆ. ಕಡಲ ತೀರದ ಚಿತ್ರಗಳಲ್ಲಿ ಟೆರೊಸಾರ್‌ಗಳನ್ನ ತುಂಬಿಸುವಾಗ ನಾವು ಅದೇ ತರ್ಕವನ್ನ ಇನ್ನೂ ಸ್ವಲ್ಪ ಮಾಡ್ತಿದ್ದೀವಿ. ಅವು ತೀರದಲ್ಲೇ ಹೆಚ್ಚಿದ್ದವೋ, ತೀರದ ಶಾಂತ ಹಿನ್ನೀರುಗಳು ಅವನ್ನ ಹೆಚ್ಚು ಉಳಿಸಿದವೋ? ಕಾಡಿನ, ಗುಡ್ಡದ ಟೆರೊಸಾರ್‌ಗಳು ಇದ್ದಿದ್ದರೆ ಅವುಗಳ ಮೂಳೆ ನಮ್ಮ ಮಲೆನಾಡಿನಂಥ ನೆಲದಲ್ಲಿ ಕೊಳೆತು ಹೋಗ್ತಿತ್ತು. ಲಾಗ್ ಫೈಲ್‌ನಲ್ಲಿ ಎಂಟ್ರಿ ಇಲ್ಲ ಅಂದ್ರೆ ಘಟನೆ ನಡೆದಿಲ್ಲ ಅಂತಲ್ಲ, ಆ ಸರ್ವರ್‌ನಲ್ಲಿ ಲಾಗಿಂಗ್ ಆಫ್ ಇದ್ದಿರಬಹುದು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇದರಿಂದಾಗಿ ಆ ದವಡೆಯ ಚೂರು ಮುಖ್ಯ. ಯಾರೋ ಅನುಮಾನಪಟ್ಟರು ಅಂತ ಅದನ್ನ ಎಸೆಯೋದಿಲ್ಲ. ವಿಜ್ಞಾನದಲ್ಲಿ ಒಂದು ಪ್ರಭೇದದ ಹೆಸರು ಒಂದು ನಿರ್ದಿಷ್ಟ ವಸ್ತುವಿಗೆ ಕಟ್ಟಿರುತ್ತೆ. ಆ ವಸ್ತು ಯಾವ ಊರಿನ ಯಾವ ಕಪಾಟಿನಲ್ಲಿದೆ ಅಂತ ಬರೆದಿಡ್ತಾರೆ, ಯಾರು ಬೇಕಾದರೂ ಬಂದು ಮತ್ತೆ ಪರೀಕ್ಷೆ ಮಾಡೋಕೆ. 1840ರ ದಶಕದಲ್ಲಿ ಕೇ ಮತ್ತು ಕನ್ಲಿಫ್ ಅನ್ನುವವರು ಪಾಂಡಿಚೇರಿ, ತಿರುಚ್ಚಿ ಕಡೆ ಕೂಡಿಸಿದ ಚಿಪ್ಪುಗಳನ್ನ ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ವರ್ಣಿಸಿದ, ಅವು ಲಂಡನ್ನಿನಲ್ಲಿವೆ. ಸ್ಟೊಲಿಚ್ಕಾ ಹೆಸರಿಟ್ಟವು ಕೋಲ್ಕತ್ತಾದಲ್ಲಿ, ಸರ್ವೆಯ ಸಂಗ್ರಹದಲ್ಲಿ. ಅಮೊನೈಟ್ ಕೆಲಸ ಮಾಡುವವರು ಇವತ್ತಿಗೂ ಆ ಕಲ್ಲುಗಳಿಗೇ ಮರಳಬೇಕು. ನೂರೈವತ್ತು ವರ್ಷ ಹಳೇ ವಸ್ತು ಇನ್ನೂ ಪ್ರೊಡಕ್ಷನ್‌ನಲ್ಲಿದೆ ಅನ್ನಿ. ಅದು ಒಡೆದರೆ, ಲೇಬಲ್ ಕಳೆದರೆ, ಬ್ಯಾಕಪ್ ಇಲ್ಲ.

ಮೂಲ ಜಾಗವೂ ಹಾಗೇ ಉಳಿಯಲ್ಲ. ಕಾರೈ ಸುತ್ತಲಿನ ಬೋಳು ಜೇಡಿಗುಡ್ಡಗಳನ್ನ ಪ್ರತಿ ಮಳೆಯೂ ಕೊರೆಯುತ್ತೆ, ಅರಿಯಲೂರಿನ ಗಣಿಗಳಲ್ಲಿ ಯಂತ್ರ ಕೊರೆಯುತ್ತೆ. ಗಣಿ ಬೇಡ ಅಂತ ಸಿಮೆಂಟಿನ ಹನ್ನೆರಡನೇ ಮಹಡಿಯಲ್ಲಿ ಕೂತು ಹೇಳೋ ಮುಖ ನನಗಿಲ್ಲ. ಗಣಿ ಗೋಡೆಗಳು ತೆರೆದುಕೊಂಡದ್ದರಿಂದಲೇ ಎಷ್ಟೋ ಪದರಗಳು ಕಣ್ಣಿಗೆ ಬಿದ್ದಿವೆ ಕೂಡ. ಆದರೆ ಅಗೆಯುವ ವೇಗಕ್ಕೆ ನೋಡುವ ಕಣ್ಣುಗಳು ಸಾಲದು. 2020ರ ಕೊನೆಯಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂನಲ್ಲಿ ಕೆರೆ ಅಗೆಯುವಾಗ ದುಂಡು ಕಲ್ಲುಗಳು ಸಿಕ್ಕಿ, ಡೈನೋಸಾರ್ ಮೊಟ್ಟೆ ಅಂತ ವಾಟ್ಸಾಪ್‌ನಲ್ಲಿ ಊರೂರು ಸುತ್ತಿತು. ಭೂವಿಜ್ಞಾನಿಗಳು ಹೋಗಿ ನೋಡಿದರೆ ಮೊಟ್ಟೆ ಅಲ್ಲ, ಅಮೊನೈಟ್ ಸುತ್ತ ಮಣ್ಣು ಗಟ್ಟಿಯಾದ ಉಂಡೆಗಳು. ಸುದ್ದಿ ಅಲ್ಲಿಗೆ ಸತ್ತಿತು. ಮೊಟ್ಟೆ ಅಲ್ಲ ಅಂದ ಕೂಡಲೇ ಯಾರಿಗೂ ಬೇಡವಾಯ್ತು. ಒಂದು ಕೆರೆಯ ತಳದಲ್ಲಿ ಸಮುದ್ರ ಸಿಕ್ಕಿದ್ದು ಸುದ್ದಿ ಅನ್ನಿಸಲೇ ಇಲ್ಲ.

ಆ ಹುಡುಗಿಗೆ ನಾನು ಇಷ್ಟೆಲ್ಲಾ ಹೇಳಲಿಲ್ಲ. ಟೆರೊಸಾರ್ ಇನ್ನೂ ಸಿಕ್ಕಿಲ್ಲಮ್ಮ, ಸಿಗಬಹುದು ಅಂದೆ. “ಯಾರಿಗೆ?” ಅಂದಳು.

ನೋಡೋಕೆ ಹೋಗುವವರಿಗೆ: ಜಾದುಘರ್ ಸೋಮವಾರ ರಜೆ. ಬಾರಾನಗರದ ಮ್ಯೂಸಿಯಂ ಒಂದು ಸಂಸ್ಥೆಯ ಆವರಣದೊಳಗೆ ಇರೋದ್ರಿಂದ ಮೊದಲೇ ಕೇಳಿಕೊಂಡು ಹೋಗಿ. ಬೆಂಗಳೂರಿಗೆ ರಜೆಗೆ ಹೋದಾಗ ಕಾರೈ ನೋಡೋ ಆಸೆ ಇದ್ದರೆ ಸೇಲಂ, ಆತ್ತೂರು ಮೇಲೆ ಪೆರಂಬಲೂರು ದಾರಿ ಹಿಡಿಯಿರಿ, ಬೇಸಿಗೆಯಲ್ಲಿ ಬೇಡ, ಅಲ್ಲಿ ನೆರಳೇ ಇಲ್ಲ. ಸಾತ್ತನೂರಿನ ಕಲ್ಲಿನ ಮರವೂ ಅದೇ ಕಡೆ. ನೆಲದ ಮೇಲೆ ಬೆಲೆಮ್‌ನೈಟ್ ಬಿದ್ದಿದ್ದರೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೀರಿ, ಲೊಕೇಶನ್ ಆನ್ ಇರಲಿ, ಕಲ್ಲನ್ನ ಅಲ್ಲೇ ಬಿಡಿ. ಯಾವ ಪದರದ್ದು ಅನ್ನೋದು ಗೊತ್ತಿಲ್ಲದ ಪಳೆಯುಳಿಕೆ ಶೋಕೇಸಿಗೆ ಚಂದ ಅಷ್ಟೇ. ತೆಳ್ಳಗಿನ, ಟೊಳ್ಳು ಮೂಳೆಯ ಹಾಗಿರೋದು ಏನಾದ್ರೂ ಕಂಡರೆ ಮುಟ್ಟಲೂ ಬೇಡಿ. ಫೋಟೋ ತೆಗೆದು ಜಿಯಾಲಾಜಿಕಲ್ ಸರ್ವೆಯವರಿಗೆ ಕಳಿಸಿ.